ಹಳೆಯ ಎನ್‌ವಿಡಿಯಾ ಕಾರ್ಡಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಹಾಕುವುದು: ಮೊದಲು ಚಿಪ್ ನೋಡಿ, ಆಮೇಲೆ ಉಳಿದದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಆಮೇಲೆ ಹತ್ತು ಹದಿನೈದು ವರ್ಷದ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ವೈಫೈ ಬಂತು, ಪ್ರಿಂಟರ್ ಬಂತು, ಸೌಂಡ್ ಬಂತು, ಗ್ರಾಫಿಕ್ಸ್ ಮಾತ್ರ ಕೈಕೊಡುತ್ತಿದೆ, ಏನು ಮಾಡಲಿ? ಒಬ್ಬರಿಗೆ ಪರದೆ 1024×768ರಲ್ಲೇ ನಿಂತುಬಿಟ್ಟಿದೆ. ಇನ್ನೊಬ್ಬರಿಗೆ ಕಿಟಕಿ ಎಳೆದರೆ ತಡವರಿಸುತ್ತದೆ. ಮತ್ತೊಬ್ಬರು ಡ್ರೈವರ್ ಹಾಕಿದ ಮೇಲೆ ಬರೀ ಕಪ್ಪು ಪರದೆ ನೋಡುತ್ತಾ ಕೂತಿದ್ದಾರೆ.

ಈ ತೊಂದರೆಗಳಲ್ಲಿ ಹೆಚ್ಚಿನವು ಶುರುವಾಗುವುದು ಒಂದೇ ಕಡೆ. ನಾವು ಮೊದಲು ಹೊಸ ಲಿನಕ್ಸ್ ಹಾಕುತ್ತೇವೆ, ಆಮೇಲೆ ಅದಕ್ಕೆ ಡ್ರೈವರ್ ಹುಡುಕುತ್ತೇವೆ. ಹಳೆಯ ಕಾರ್ಡ್ ಇದ್ದಾಗ ಲೆಕ್ಕ ತಿರುವುಮುರುವು ಆಗಬೇಕು. ಕಾರ್ಡ್ ಯಾವುದು ಎಂಬುದು ಡ್ರೈವರನ್ನು ಗೊತ್ತುಮಾಡುತ್ತದೆ, ಡ್ರೈವರ್ ಕರ್ನಲ್ಲನ್ನು ಗೊತ್ತುಮಾಡುತ್ತದೆ, ಕರ್ನಲ್ ನೋಡಿಕೊಂಡು ನೀವು ಲಿನಕ್ಸ್‌ನ ಆವೃತ್ತಿ ಆರಿಸಬೇಕು.

ಇಲ್ಲಿ ನಾನು ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ ಇಟ್ಟುಕೊಂಡು ಹೇಳುತ್ತೇನೆ. ಹೊಸದಾಗಿ ಬರುವವರಿಗೆ ಅದು ಸುಲಭ, ಮತ್ತು ಈ ಕೆಲಸವನ್ನೆಲ್ಲ ಅದರಲ್ಲಿ ಮೌಸಿನಿಂದಲೇ ಮುಗಿಸಬಹುದು. ಉಬುಂಟು ಬಳಸುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ನಾಲ್ಕು ಪದ

ಕರ್ನಲ್ ಅಂದರೆ ಲಿನಕ್ಸ್‌ನ ಒಳಗಿನ ತಿರುಳು. ಯಂತ್ರದ ಭಾಗಗಳ ಜೊತೆ ನೇರವಾಗಿ ಮಾತಾಡುವುದು ಅದೇ. ಡ್ರೈವರ್ ಅಂದರೆ ಒಂದು ಭಾಗವನ್ನು ಹೇಗೆ ನಡೆಸಬೇಕು ಅಂತ ಕರ್ನಲ್ಲಿಗೆ ತಿಳಿಸುವ ತುಣುಕು. ಎನ್‌ವಿಡಿಯಾ ಕಾರ್ಡುಗಳಿಗೆ ಎರಡು ಬಗೆಯ ಡ್ರೈವರ್ ಇವೆ. ಕಂಪನಿಯೇ ಕೊಡುವುದು ಒಂದು. ಲಿನಕ್ಸ್ ಸಮುದಾಯದವರು ಬರೆದ ಮುಕ್ತ ಡ್ರೈವರ್ ಇನ್ನೊಂದು. ಅದರ ಹೆಸರು ನೂವೋ, ಲಿನಕ್ಸ್ ಜೊತೆಗೇ ಬರುತ್ತದೆ.

ಲೆಗಸಿ ಡ್ರೈವರ್ ಅಂದರೆ ಕಂಪನಿ ಕೈಬಿಟ್ಟ ಹಳೆಯ ಶಾಖೆ. ಅಲ್ಲಿಂದ ಮುಂದೆ ಅದಕ್ಕೆ ತಿದ್ದುಪಡಿ ಇಲ್ಲ. ತೊಡಕು ಇರುವುದೇ ಇಲ್ಲಿ. ಕರ್ನಲ್ ಕೆಲವು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಅದರ ಒಳಗಿನ ಕೊಂಡಿಗಳೂ ಬದಲಾಗುತ್ತವೆ. ಡ್ರೈವರ್ ಮಾತ್ರ ನಿಂತಲ್ಲೇ ನಿಂತಿದೆ. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ. ಈ ಎರಡನ್ನೂ ಹೊಂದಿಸಿಕೊಡುವ ವ್ಯವಸ್ಥೆಯ ಹೆಸರು ಡಿಕೆಎಂಎಸ್. ಕರ್ನಲ್ ಬದಲಾದಾಗಲೆಲ್ಲ ಅದು ಡ್ರೈವರನ್ನು ಹೊಸ ಕರ್ನಲ್ಲಿಗೆ ತಕ್ಕಂತೆ ಮತ್ತೆ ಕಟ್ಟುತ್ತದೆ. ಅಂತರ ತೀರಾ ಹೆಚ್ಚಾದರೆ ಅದೂ ಸೋಲುತ್ತದೆ.

ಏನೇನು ಬೇಕು

ಮಿಂಟ್ ಹಾಕಿರುವ ಪೆನ್‌ಡ್ರೈವ್ ಒಂದು ಕೈಯಲ್ಲಿರಲಿ. ಇನ್‌ಸ್ಟಾಲ್ ಮುಗಿದ ಮೇಲೂ ಅದನ್ನು ಅಳಿಸಬೇಡಿ, ಕಪ್ಪು ಪರದೆ ಬಂದ ದಿನ ಅದೇ ಆಧಾರ. ಇಂಟರ್‌ನೆಟ್ ಬೇಕು, ಸಾಧ್ಯವಾದರೆ ಕೇಬಲ್‌ನಿಂದ. ನೂರಾರು ಎಂಬಿ ಡೌನ್‌ಲೋಡ್ ಇರುತ್ತದೆ. ಫೋಟೋ, ದಾಖಲೆಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಹಂತ 1: ಚಿಪ್ ಯಾವುದು ಅಂತ ತಿಳಿಯಿರಿ

ಪೆಟ್ಟಿಗೆಯ ಮೇಲಿನ ಹೆಸರು, ಬಿಲ್ಲಿನಲ್ಲಿ ಬರೆದ ಹೆಸರು ನಂಬಬೇಡಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮಿಂಟ್‌ನ ಮೆನುವಿನಲ್ಲಿ 'ಸಿಸ್ಟಮ್ ರಿಪೋರ್ಟ್ಸ್' ತೆರೆಯಿರಿ. ಅದರಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಎಂಬ ವಿಭಾಗ ಇದೆ. ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸುವಾಗಲೂ ಇದು ಸಿಗುತ್ತದೆ, ಇನ್‌ಸ್ಟಾಲ್ ಮಾಡುವ ಮೊದಲೇ ನೋಡಿಕೊಳ್ಳಬಹುದು. 'ಗ್ರಾಫಿಕ್ಸ್' ಎಂಬ ಸಾಲಿನಲ್ಲಿ ಎನ್‌ವಿಡಿಯಾ ಹೆಸರಿನ ಪಕ್ಕ ಒಂದು ಸಂಕೇತ ಇರುತ್ತದೆ: ಜಿಟಿ218, ಜಿಎಫ್108, ಜಿಕೆ208 ಈ ಥರ. ನಮಗೆ ಬೇಕಾದದ್ದು ಅದು. ಅದರ ಎರಡನೇ ಅಕ್ಷರ ನೋಡಿದರೆ ಕಾರ್ಡಿನ ಮನೆತನ ಗೊತ್ತಾಗುತ್ತದೆ.

ಜಿ ಆದಮೇಲೆ ಟಿ ಇದ್ದರೆ, ಅಥವಾ ಜಿ84, ಜಿ92, ಜಿ98 ಹೀಗೆ ನೇರವಾಗಿ 80, 90ರ ಅಂಕಿ ಬಂದರೆ, ಅದು ಟೆಸ್ಲಾ ಪೀಳಿಗೆ. ಜಿಫೋರ್ಸ್ 8, 9, 200, 300 ಸರಣಿಗಳು, ಅಂಗಡಿಗಳಲ್ಲಿ ಬಹಳ ಕಾಲ ಮಾರಾಟವಾದ ಜಿಫೋರ್ಸ್ 210 ಕೂಡ ಇದರಲ್ಲೇ ಬರುತ್ತವೆ. ಇವುಗಳ ಡ್ರೈವರ್ ಶಾಖೆ 340. ಕೊನೆಯ ಆವೃತ್ತಿ 340.108 ಬಂದದ್ದು 2019ರ ಡಿಸೆಂಬರಿನಲ್ಲಿ.

ಎಫ್ ಇದ್ದರೆ ಫರ್ಮಿ. 400 ಮತ್ತು 500 ಸರಣಿಗಳು. ಶಾಖೆ 390, ಕೊನೆಯದು 390.157, 2022ರ ನವೆಂಬರ್.

ಕೆ ಇದ್ದರೆ ಕೆಪ್ಲರ್. 600 ಸರಣಿಯ ಹೆಚ್ಚಿನವು, 700 ಸರಣಿಯ ಹೆಚ್ಚಿನವು, ಜಿಟಿ 710 ಕೂಡ. ಶಾಖೆ 470, ಅದು 2024ರಲ್ಲಿ ನಿಂತಿತು.

ಎಂ ಇದ್ದರೆ ಮ್ಯಾಕ್ಸ್‌ವೆಲ್, ಪಿ ಇದ್ದರೆ ಪ್ಯಾಸ್ಕಲ್. ಜಿಟಿಎಕ್ಸ್ 750 ಟಿಐ, 900, 1000 ಸರಣಿಗಳು. ಇವುಗಳಿಗೆ ಕೊನೆಯ ಶಾಖೆ 580. ನಿಮ್ಮ ಕೆಲಸ ಸಲೀಸು. ಮಿಂಟ್‌ನ ಹೊಸ ಆವೃತ್ತಿ ಹಾಕಿಕೊಂಡು ನೇರ ಹಂತ 4ಕ್ಕೆ ಹೋಗಬಹುದು.

ಜಿ71, ಜಿ72, ಜಿ73 ಅಥವಾ ಎನ್‌ವಿ4ರಿಂದ ಶುರುವಾಗುವ ಸಂಕೇತ ಇದ್ದರೆ ಅದು ಜಿಫೋರ್ಸ್ 6 ಅಥವಾ 7. ಅದರ 304 ಶಾಖೆ 2017ರಲ್ಲೇ ಮುಗಿದಿದೆ. ನೂವೋ ಬಿಟ್ಟು ಬೇರೇನನ್ನೂ ಮುಟ್ಟಬೇಡಿ.

ಈಗ ಹೆಸರು ಯಾಕೆ ನಂಬಬಾರದು ಅಂತ ಹೇಳುತ್ತೇನೆ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ. ಜಿಎಫ್108 ಇರುವುದು ಫರ್ಮಿ, ಜಿಕೆ208 ಇರುವುದು ಕೆಪ್ಲರ್. ಒಂದಕ್ಕೆ 390, ಇನ್ನೊಂದಕ್ಕೆ 470. ಜಿಟಿ 610 ಎಂಬುದು 600 ಸರಣಿಯ ಹೆಸರು ಹೊತ್ತ ಫರ್ಮಿ. ಜಿಫೋರ್ಸ್ 405 ಹೆಸರಿಗೆ 400, ಒಳಗೆ ಟೆಸ್ಲಾ. ಲ್ಯಾಪ್‌ಟಾಪ್‌ಗಳಲ್ಲಿ ಬಂದ 820ಎಂ ಕೂಡ ಫರ್ಮಿಯೇ. ನಾನೇ ಒಮ್ಮೆ ಪರಿಚಯದವರ ಜಿಟಿ 730ಕ್ಕೆ ಸಂಕೇತ ನೋಡದೆ 470 ಹಾಕಿ ಅರ್ಧ ದಿನ ಕಳೆದಿದ್ದೇನೆ. ಎರಡು ನಿಮಿಷದ ಕೆಲಸ ಇದು, ಬಿಡಬೇಡಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಬೇರೆಲ್ಲೋ ಹಳೆ ಕಾರ್ಡ್ ಕೊಳ್ಳುವಾಗಲೂ ಬರೀ ಹೆಸರು ಕೇಳಿ ದುಡ್ಡು ಕೊಡಬೇಡಿ, ಚಿಪ್ ಸಂಕೇತ ಕೇಳಿ.

ಗ್ರಾಫಿಕ್ಸ್ ಸಾಲಿನಲ್ಲಿ ಎನ್‌ವಿಡಿಯಾ ಬದಲು ಇಂಟೆಲ್ ಅಥವಾ ಎಎಂಡಿ ಅಂತ ಮಾತ್ರ ಬಂದರೆ ಖುಷಿಪಡಿ. ಅವುಗಳ ಮುಕ್ತ ಡ್ರೈವರ್ ಲಿನಕ್ಸ್‌ನಲ್ಲೇ ಇದೆ, ಏನೂ ಹಾಕಬೇಕಿಲ್ಲ. ಹಳೆಯ ಬರಹಗಳಲ್ಲಿ ಎಎಂಡಿಗೆ 'ಕ್ಯಾಟಲಿಸ್ಟ್' ಹಾಕಿ ಅಂತ ಇದ್ದರೆ ಅದನ್ನು ಪಾಲಿಸಬೇಡಿ. ಉಬುಂಟು 2016ರ ಆವೃತ್ತಿಯಲ್ಲೇ ಅದನ್ನು ತೆಗೆದುಹಾಕಿದೆ.

ಹಂತ 2: ನಿಜವಾಗಿ ಡ್ರೈವರ್ ಬೇಕಾ, ಯೋಚಿಸಿ

ಬ್ರೌಸಿಂಗ್, ಪತ್ರ ಬರೆಯುವುದು, ಹಾಡು ಕೇಳುವುದು, ಇಷ್ಟಕ್ಕೆ ನೂವೋ ಸಾಕು. ಅದರ ಮುಖ್ಯ ಕೊರತೆ ವೇಗ. ಈ ಹಳೆಯ ಕಾರ್ಡುಗಳು ಆನ್ ಆದಾಗ ಕಡಿಮೆ ವೇಗದಲ್ಲಿ ಶುರುವಾಗುತ್ತವೆ, ಕೆಲಸ ಹೆಚ್ಚಾದಾಗ ವೇಗ ತಾನಾಗಿ ಏರಿಸುವುದು ನೂವೋಗೆ ಬರುವುದಿಲ್ಲ. ಆಟ ಆಡುವವರಿಗೆ, ಬ್ಲೆಂಡರ್‌ನಂಥ ಮೂರು ಆಯಾಮದ ಕೆಲಸ ಮಾಡುವವರಿಗೆ ಇದು ಗೊತ್ತಾಗುತ್ತದೆ. ಉಳಿದವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಯೂಟ್ಯೂಬ್ ತಡವರಿಸುತ್ತದೆ ಅನ್ನುವ ಕಾರಣಕ್ಕೆ ಡ್ರೈವರ್ ಹಾಕಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9, ಎವಿ1 ಎಂಬ ಬಗೆಯಲ್ಲಿ ವೀಡಿಯೋ ಕಳಿಸುತ್ತದೆ. ಈ ಹಳೆಯ ಚಿಪ್‌ಗಳಿಗೆ ಅದನ್ನು ಬಿಡಿಸುವ ಶಕ್ತಿಯೇ ಇಲ್ಲ, ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಎಂಥ ಡ್ರೈವರ್ ಹಾಕಿದರೂ ಅದು ಬದಲಾಗದು. ಎಚ್264 ಬಗೆಯ ವೀಡಿಯೋವನ್ನೇ ಕೇಳಿ ಪಡೆಯುವ ಎಚ್264ಇಫೈ ಎಂಬ ಎಕ್ಸ್‌ಟೆನ್ಶನ್ ಇದೆ. ಅದನ್ನು ಹಾಕಿ, 480ಪಿ ಅಥವಾ 720ಪಿಗೆ ಇಳಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಟೆಸ್ಲಾ ಪೀಳಿಗೆಯವರಿಗೆ ನನ್ನ ಸಲಹೆ ಸ್ಪಷ್ಟ: ನೂವೋದಲ್ಲೇ ಇರಿ. 340 ಶಾಖೆ ಸುಲಭವಾಗಿ ಸಿಗುತ್ತಿದ್ದದ್ದು ಉಬುಂಟು 20.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 20ರಲ್ಲಿ, 5.4 ಕರ್ನಲ್ ಜೊತೆ. ಮಿಂಟ್ 20ಕ್ಕೆ 2025ರಲ್ಲಿ ಭದ್ರತಾ ಅಪ್‌ಡೇಟ್ ನಿಂತಿದೆ. ಇಂಟರ್‌ನೆಟ್‌ಗೆ ಜೋಡಿಸದ ಕಂಪ್ಯೂಟರ್ ಆದರೆ ಅದನ್ನು ಹಾಕಿಕೊಳ್ಳಿ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿಗೆ ಅದು ಬೇಡವೇ ಬೇಡ. ಇಂದಿನ ಕರ್ನಲ್ಲಿಗೆ 340 ಹೊಂದಿಸುವ ತಿದ್ದುಪಡಿಗಳನ್ನು ಉತ್ಸಾಹಿಗಳು ಬರೆದಿದ್ದಾರೆ, ನಿಜ. ಆದರೆ ಪ್ರತಿ ಕರ್ನಲ್ ಬದಲಾದಾಗಲೂ ಅದರ ಹಿಂದೆ ನೀವೇ ಓಡಬೇಕು. ಹೊಸಬರಿಗೆ ಆ ಕಷ್ಟ ಬೇಡ.

ಹಂತ 3: ಕರ್ನಲ್ ನೋಡಿ ಮಿಂಟ್ ಆರಿಸಿ

ಫರ್ಮಿ ಇರಲಿ, ಕೆಪ್ಲರ್ ಇರಲಿ, ಮಿಂಟ್ 21.3 ಹಾಕಿ. ಅದು ಉಬುಂಟು 22.04ರ ಮೇಲೆ ನಿಂತಿದೆ, 5.15 ಕರ್ನಲ್ ಜೊತೆ ಬರುತ್ತದೆ, 2027ರವರೆಗೆ ಅಪ್‌ಡೇಟ್ ಇದೆ. 390 ಮತ್ತು 470 ಎರಡೂ ಅದರ ಭಂಡಾರದಲ್ಲಿವೆ, 5.15ಕ್ಕೆ ಎರಡೂ ಹೊಂದುತ್ತವೆ.

ಡೌನ್‌ಲೋಡ್ ಮಾಡುವಾಗ ಒಂದು ಎಚ್ಚರಿಕೆ. ಅದೇ 21.3ರಲ್ಲಿ 'ಎಡ್ಜ್' ಅಂತ ಇನ್ನೊಂದು ಇದೆ. ಅದರಲ್ಲಿರುವುದು 6.5 ಕರ್ನಲ್, ಹೊಸ ಯಂತ್ರಗಳಿಗಾಗಿ ಮಾಡಿದ್ದು. ನಿಮಗೆ ಅದು ಬೇಡ. ನಾಲ್ಕು ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ, ಅದು ಹಗುರ.

ಮಿಂಟ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆಗಳು ಲಿನಕ್ಸ್‌ನಲ್ಲಿ ಎರಡು: ಹಳೆಯ ಎಕ್ಸ್‌ಆರ್ಗ್, ಹೊಸ ವೇಲ್ಯಾಂಡ್. ಲೆಗಸಿ ಡ್ರೈವರುಗಳಿಗೆ ಹೊಂದುವುದು ಎಕ್ಸ್‌ಆರ್ಗ್ ಮಾತ್ರ ಅಂತ ಇಟ್ಟುಕೊಳ್ಳಿ. ಮಿಂಟ್ ತಾನಾಗಿ ಎಕ್ಸ್‌ಆರ್ಗ್‌ನಲ್ಲೇ ಶುರುವಾಗುತ್ತದೆ. ಉಬುಂಟು 22.04 ಬಳಸುವವರು ಲಾಗಿನ್ ಪರದೆಯ ಮೂಲೆಯ ಚಕ್ರ ಒತ್ತಿ 'ಉಬುಂಟು ಆನ್ ಎಕ್ಸ್‌ಆರ್ಗ್' ಆರಿಸಬೇಕು.

ಪೆನ್‌ಡ್ರೈವ್‌ನಿಂದ ಶುರುಮಾಡುವಾಗಲೇ ಕಪ್ಪು ಪರದೆ ಬಂದರೆ ಗಾಬರಿ ಬೇಡ. ಮತ್ತೆ ಆನ್ ಮಾಡಿ, ಬೂಟ್ ಮೆನುವಿನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಆಗ ಕಾರ್ಡಿನ ಗೊಡವೆಗೆ ಹೋಗದೆ ಸರಳ ಚಿತ್ರದಲ್ಲಿ ಮಿಂಟ್ ತೆರೆದುಕೊಳ್ಳುತ್ತದೆ. ಹಾಗೇ ಇನ್‌ಸ್ಟಾಲ್ ಮುಗಿಸಿ. ಆಮೇಲಿನ ಮೊದಲ ಸಲ ಆನ್ ಮಾಡುವಾಗ ಗ್ರಬ್, ಅಂದರೆ ಯಾವುದನ್ನು ಶುರುಮಾಡಲಿ ಅಂತ ಕೇಳುವ ಮೆನು, ಬೇಕಾಗುತ್ತದೆ. ಅದು ಕಾಣದಿದ್ದರೆ ಹಳೆಯ ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶ) ಇರುವ ಯಂತ್ರದಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ, ಅದರ ಹೊಸ ರೂಪವಾದ ಯುಇಎಫ್‌ಐ ಇದ್ದರೆ ಎಸ್ಕೇಪ್ ಒತ್ತಿ. ಅಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್', ಅದರಲ್ಲಿ 'ರಿಕವರಿ ಮೋಡ್', ಆಮೇಲೆ 'ರೆಸ್ಯೂಮ್'. ಪರದೆ ದೊಡ್ಡ ದೊಡ್ಡದಾಗಿ ಕಾಣುತ್ತದೆ. ಡ್ರೈವರ್ ಹಾಕುವವರೆಗೆ ಹಾಗೇ ಇರುತ್ತದೆ.

ಹಂತ 4: ಹಿಂದೆ ಬರಲು ದಾರಿ ಮಾಡಿಟ್ಟುಕೊಳ್ಳಿ

ಮೊದಲು ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಬಂದಿರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ 'ಟೈಮ್‌ಶಿಫ್ಟ್' ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಸ್ನ್ಯಾಪ್‌ಶಾಟ್ ಅಂದರೆ ಸಿಸ್ಟಮ್ ಈಗ ಹೇಗಿದೆಯೋ ಹಾಗೆ ತೆಗೆದಿಟ್ಟ ಪ್ರತಿ. ಕೇಳಿದಾಗ 'ಆರ್‌ಸಿಂಕ್' ಬಗೆ ಆರಿಸಿ. ಇದರಲ್ಲಿ ನಿಮ್ಮ ಸ್ವಂತ ಫೈಲ್‌ಗಳು ಸೇರುವುದಿಲ್ಲ, ಸಿಸ್ಟಮ್ ಮಾತ್ರ. ಅದಕ್ಕೇ ಅವುಗಳ ಪ್ರತಿ ಬೇರೆ ಇಟ್ಟುಕೊಳ್ಳಿ ಅಂದದ್ದು.

ಯುಇಎಫ್‌ಐ ಇರುವ ಯಂತ್ರವಾದರೆ ಸೆಕ್ಯೂರ್ ಬೂಟ್ ಕಡೆ ಗಮನ ಕೊಡಿ. ಗುರುತಿನ ಮುದ್ರೆ ಇಲ್ಲದ ಡ್ರೈವರನ್ನು ಒಳಗೆ ಬಿಡದ ಕಾವಲು ಅದು. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ ಈಚಿನ ಯಂತ್ರಗಳಲ್ಲಿ ಇರುತ್ತದೆ. ಅದು ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಕಾಯುತ್ತದೆ. ಟೀ ತರಲು ಎದ್ದು ಹೋದರೆ ತಪ್ಪಿಹೋಗುತ್ತದೆ, ಡ್ರೈವರ್ ಹಾಕಿಯೂ ಹಾಕದಂತೆ ಆಗುತ್ತದೆ. ಈ ಗೊಂದಲ ಬೇಡ ಅನ್ನುವವರು ಬಯಾಸ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿಕೊಳ್ಳಬಹುದು.

ಹಂತ 5: ಡ್ರೈವರ್ ಮ್ಯಾನೇಜರ್‌ನಿಂದ ಹಾಕಿ

ಮೆನುವಿನಲ್ಲಿ 'ಡ್ರೈವರ್ ಮ್ಯಾನೇಜರ್' ತೆರೆಯಿರಿ. ಸ್ವಲ್ಪ ಹುಡುಕಿ, ನಿಮ್ಮ ಕಾರ್ಡಿಗೆ ಯಾವುದು ಸಿಗುತ್ತದೆ ಅಂತ ತೋರಿಸುತ್ತದೆ. ಹಂತ 1ರಲ್ಲಿ ನೀವು ಕಂಡುಕೊಂಡ ಅಂಕಿಯೇ ಅಲ್ಲಿದೆಯಾ ನೋಡಿ. ಅದನ್ನು ಆರಿಸಿ, ಅಪ್ಲೈ ಒತ್ತಿ, ಕಾಯಿರಿ. ಹಳೆಯ ಯಂತ್ರದಲ್ಲಿ ಡಿಕೆಎಂಎಸ್ ಡ್ರೈವರನ್ನು ಕಟ್ಟಲು ಹತ್ತು ನಿಮಿಷ ಕೂಡ ಹಿಡಿಯಬಹುದು. ಕೆಲಸ ನಿಂತ ಹಾಗೆ ಕಂಡರೂ ನಡುವೆ ಪವರ್ ಆಫ್ ಮಾಡಬೇಡಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರುವಾಗ ಮಾಡಿ. ಮುಗಿದ ಮೇಲೆ ರೀಸ್ಟಾರ್ಟ್.

ಪಟ್ಟಿಯಲ್ಲಿ ನಿಮ್ಮ ಅಂಕಿ ಇಲ್ಲದಿದ್ದರೆ, ಎನ್‌ವಿಡಿಯಾ ಜಾಲತಾಣಕ್ಕೆ ಹೋಗಿ ಅಲ್ಲಿನ ಇನ್‌ಸ್ಟಾಲರ್ ತಂದು ಹಾಕುವ ಆಸೆ ಆಗುತ್ತದೆ, ಅಲ್ವಾ? ಬೇಡ. ಅದು ಮಿಂಟ್‌ನ ಪ್ಯಾಕೇಜ್ ಲೆಕ್ಕಕ್ಕೆ ಸಿಗದೆ ಹೊರಗಿಂದ ಬಂದು ಫೈಲ್‌ಗಳ ಮೇಲೆ ಫೈಲ್ ಬರೆಯುತ್ತದೆ. ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಚಿತ್ರ ಹೋಗಬಹುದು, ಆಗ ಯಾವುದು ಯಾರು ಹಾಕಿದ್ದು ಅಂತ ಬಿಡಿಸುವುದೇ ಕಷ್ಟ. ನನ್ನ ಹತ್ತಿರ ಬಂದ ಕೆಟ್ಟ ಗೋಜಲುಗಳಲ್ಲಿ ಹೆಚ್ಚಿನವು ಹೀಗೆ ಆದವು. ಪಟ್ಟಿಯಲ್ಲಿ ಇಲ್ಲ ಅಂದರೆ ಒಂದೋ ಮಿಂಟ್ ಆವೃತ್ತಿ ತಪ್ಪಾಗಿದೆ, ಇಲ್ಲವೇ ಚಿಪ್ ನೀವು ಅಂದುಕೊಂಡದ್ದಲ್ಲ. ಹಂತ 1ಕ್ಕೆ ವಾಪಸ್ ಹೋಗಿ.

ಹಂತ 6: ನಿಜವಾಗಿ ಕೆಲಸ ಮಾಡುತ್ತಿದೆಯಾ ನೋಡಿ

ಮತ್ತೆ ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ. ಗ್ರಾಫಿಕ್ಸ್ ಸಾಲಿನಲ್ಲಿ ಡ್ರೈವರ್ ಎಂಬುದರ ಮುಂದೆ ನೂವೋ ಬದಲು ಎನ್‌ವಿಡಿಯಾ ಅಂತ, ಜೊತೆಗೆ ಆವೃತ್ತಿಯ ಅಂಕಿ ಇರಬೇಕು. ಕೆಳಗೆ 'ರೆಂಡರರ್' ಎಂಬಲ್ಲಿ ನಿಮ್ಮ ಕಾರ್ಡಿನ ಹೆಸರು ಇರಬೇಕು. ಅಲ್ಲಿ 'ಎಲ್‌ಎಲ್‌ವಿಎಂಪೈಪ್' ಅಂತ ಕಂಡರೆ ಕಾರ್ಡ್ ಸುಮ್ನೆ ಕೂತಿದೆ, ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಮಾಡುತ್ತಿದೆ ಅಂತ ಅರ್ಥ. ಮಿಂಟ್‌ನ ಮುಖ್ಯ ಆವೃತ್ತಿಯಾದ ಸಿನಮನ್‌ನಲ್ಲಿ 'ಸಾಫ್ಟ್‌ವೇರ್ ರೆಂಡರಿಂಗ್ ಮೋಡ್' ಎಂಬ ಸೂಚನೆಯೂ ಬರುತ್ತದೆ.

ಹಾಗಾದರೆ ಮೊದಲು ಸೆಕ್ಯೂರ್ ಬೂಟ್ ನೋಡಿ. ಅದು ಆಫ್ ಇದ್ದರೂ ಹೀಗಾದರೆ ಕರ್ನಲ್ ಅಂಕಿ ನೋಡಿ, ಅದೇ ಪುಟದ ಮೇಲ್ಗಡೆ ಇರುತ್ತದೆ. ಫರ್ಮಿ, ಕೆಪ್ಲರ್ ಇರುವವರಿಗೆ ಅದು 6ರಿಂದ ಶುರುವಾಗಿದ್ದರೆ ಕಾರಣ ಸಿಕ್ಕಂತೆ. ಎರಡೂ ಸರಿಯಿದ್ದರೆ ನೀವು ಇನ್ನೂ ರಿಕವರಿ ಮೋಡ್‌ನಲ್ಲೇ ಇರಬಹುದು, ಒಮ್ಮೆ ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ.

ವೀಡಿಯೋ ಓಡುವಾಗ ಪರದೆಯ ನಡುವೆ ಅಡ್ಡಗೆರೆ ಹರಿದ ಹಾಗೆ ಕಾಣುವುದು ಬೇರೆ ವಿಷಯ. 'ಎನ್‌ವಿಡಿಯಾ ಎಕ್ಸ್ ಸರ್ವರ್ ಸೆಟ್ಟಿಂಗ್ಸ್' ತೆರೆದು, ಡಿಸ್‌ಪ್ಲೇ ವಿಭಾಗದಲ್ಲಿ 'ಅಡ್ವಾನ್ಸ್ಡ್' ಒತ್ತಿ, 'ಫೋರ್ಸ್ ಫುಲ್ ಕಾಂಪೊಸಿಶನ್ ಪೈಪ್‌ಲೈನ್' ಎಂಬುದಕ್ಕೆ ಗುರುತು ಹಾಕಿದರೆ ಹೋಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇದ್ದರೆ ರೆಂಡರರ್ ಮುಂದೆ ಇಂಟೆಲ್ ಅಂತ ಬರಬಹುದು, ಅದು ತಪ್ಪಲ್ಲ. ಡ್ರೈವರ್ ಹಾಕಿದ ಮೇಲೆ ಬರುವ ಪ್ರೈಮ್ ಐಕಾನ್‌ನಿಂದ ಬೇಕಾದದ್ದಕ್ಕೆ ಬದಲಿಸಿಕೊಳ್ಳಿ. ಫರ್ಮಿ ಇರುವ ಲ್ಯಾಪ್‌ಟಾಪ್ ಆದರೆ ಇಂಟೆಲ್‌ನಲ್ಲೇ ಇರುವುದು ಒಳ್ಳೆಯದು. ಬಿಸಿ ಕಡಿಮೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಹಂತ 7: ಕಪ್ಪು ಪರದೆ ಬಂದರೆ

ಎರಡು ಮೂರು ನಿಮಿಷ ಕಾಯಿರಿ. ಬರದಿದ್ದರೆ ಗ್ರಬ್‌ಗೆ ಹೋಗಿ, ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಿಂದಿನ ಕರ್ನಲ್ ಇದ್ದರೆ ಅದನ್ನು ಆರಿಸಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಬಂದ ತೊಂದರೆ ಆದರೆ ಇಷ್ಟಕ್ಕೇ ಸರಿಹೋಗುವುದು ಹೆಚ್ಚು.

ಹೋಗದಿದ್ದರೆ ಪೆನ್‌ಡ್ರೈವ್ ಹಾಕಿ, ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಮಿಂಟ್ ಶುರುಮಾಡಿ. ಅಲ್ಲಿಯ ಮೆನುವಿನಿಂದ ಟೈಮ್‌ಶಿಫ್ಟ್ ತೆರೆಯಿರಿ. ಸ್ನ್ಯಾಪ್‌ಶಾಟ್ ಇರುವ ಡಿಸ್ಕ್ ತೋರಿಸಿ, ಡ್ರೈವರ್ ಹಾಕುವ ಮೊದಲು ತೆಗೆದದ್ದನ್ನು ಆರಿಸಿ, 'ರಿಸ್ಟೋರ್' ಒತ್ತಿ. ಡ್ರೈವರ್ ಹಾಕುವ ಮೊದಲಿನ ಸ್ಥಿತಿಗೆ ವಾಪಸ್ ಬರುತ್ತೀರಿ. ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯ ಇಲ್ಲ.

ಹಂತ 8: ಕರ್ನಲ್ ದಾಟದಂತೆ ನೋಡಿಕೊಳ್ಳಿ

ಅಪ್‌ಡೇಟ್ ಮ್ಯಾನೇಜರ್‌ನಲ್ಲಿ 'ವ್ಯೂ', ಅದರಲ್ಲಿ 'ಲಿನಕ್ಸ್ ಕರ್ನಲ್ಸ್' ತೆರೆಯಿರಿ. ಮಿಂಟ್ 21.3 ಹಾಕಿದವರು 5.15 ಸರಣಿಯಲ್ಲೇ ಇದ್ದೀರಿ ಅಂತ ಖಚಿತ ಮಾಡಿಕೊಳ್ಳಿ. ಆ ಸರಣಿಯೊಳಗೆ ಬರುವ ಅಪ್‌ಡೇಟ್‌ಗಳನ್ನು ಧೈರ್ಯವಾಗಿ ಹಾಕಿ, ಅವು ಭದ್ರತೆಗೆ ಬೇಕು. ಪಕ್ಕದಲ್ಲಿ 6ರ ಸರಣಿಗಳು ಕಾಣುತ್ತವೆ, ಹೊಸದು ಒಳ್ಳೆಯದು ಅಂತ ಅನ್ನಿಸುತ್ತದೆ. ಮುಟ್ಟಬೇಡಿ. ಈಗಾಗಲೇ ಹಾಕಿದ್ದರೆ ಗ್ರಬ್‌ನಿಂದ 5.15ರಲ್ಲಿ ಶುರುಮಾಡಿ, ಇದೇ ಪುಟಕ್ಕೆ ಬಂದು 6ನ್ನು ತೆಗೆದುಹಾಕಿ. ಮಿಂಟ್ 22ಕ್ಕೆ ಏರಿ ಅಂತ ಸೂಚನೆ ಬಂದರೂ ಫರ್ಮಿಯವರು ಏರಬೇಡಿ. 2027ರವರೆಗೆ ಸಮಯ ಇದೆ. ಅಷ್ಟರಲ್ಲಿ ನೂವೋಗೆ ಹೋಗುವುದೋ, ಏನೂ ಹಾಕದೆ ನಡೆಯುವ ಎಎಂಡಿ ಕಾರ್ಡ್ ಕೊಳ್ಳುವುದೋ ನಿಧಾನವಾಗಿ ಯೋಚಿಸಬಹುದು.

ಇಷ್ಟಾದ ಮೇಲೂ ಬಗೆಹರಿಯದೆ ಯಾರನ್ನಾದರೂ ಕೇಳಬೇಕಾದರೆ, ಸಿಸ್ಟಮ್ ಇನ್ಫರ್ಮೇಶನ್ ಪುಟದಲ್ಲಿರುವ 'ಕಾಪಿ' ಗುಂಡಿ ಒತ್ತಿ ಅಲ್ಲಿ ಇರುವುದನ್ನೆಲ್ಲ ಹಾಗೇ ಕಳಿಸಿ. ಜೊತೆಗೆ ಎರಡು ಸಾಲು ಬರೆಯಿರಿ: ತೊಂದರೆ ಶುರುವಾದದ್ದು ಯಾವಾಗ, ಅದಕ್ಕೆ ಮೊದಲು ಕೊನೆಯದಾಗಿ ಏನು ಹಾಕಿದಿರಿ. ಪರದೆಯ ಫೋಟೋ ಒಂದನ್ನೇ ಕಳಿಸಿದರೆ ಚಿಪ್ ಯಾವುದು ಅಂತ ಕೇಳುವುದರಲ್ಲೇ ಒಂದು ದಿನ ಕಳೆಯುತ್ತದೆ.